ಪಿಳ್ಳಮ್ಮ ಬೈಯದ ಮೂರು ತಿಂಗಳು

ಈ ಕತೆಯನ್ನು ಎಲ್ಲಿಂದ ಹಿಡಿಯಲಿ? ಸಾವಿನಿಂದ ಹಿಡಿದರೆ ನೀವು ಪುಟ ಮಗುಚುತ್ತೀರಿ. ನಗುವಿನಿಂದ ಹಿಡಿದರೆ ಸತ್ತವನ ಹೆಂಡತಿ ನನ್ನನ್ನು ಬಿಡುವುದಿಲ್ಲ. ನಲ್ಲಿಯಿಂದ ಹಿಡಿಯುತ್ತೇನೆ. ನಲ್ಲಿಗೆ ಯಾರ ಹಂಗೂ ಇಲ್ಲ.

೧

ನಾಗಸಂದ್ರದಲ್ಲಿ ಮೆಟ್ರೊ ಕಂಬಗಳು ಇನ್ನೂ ತಲೆಯಿಲ್ಲದೆ ನಿಂತಿದ್ದ ಕಾಲ. ಅವುಗಳ ಹಿಂದೊಂದು ವಠಾರ. ಹತ್ತಾರು ರೂಮು, ಒಂದೇ ನಲ್ಲಿ. ನೀರು ಬರುವುದು ದಿನ ಬಿಟ್ಟು ದಿನ. ಒಂದು ಸರದಿಗೆ ಎರಡೇ ಕೊಡ. ಮತ್ತೆ ಬೇಕಿದ್ದರೆ ಸಾಲಿನ ಕೊನೆಗೆ ಹೋಗಬೇಕು. ಈ ಕಾನೂನನ್ನು ಯಾರೂ ಬರೆದಿಟ್ಟಿರಲಿಲ್ಲ. ಬೈದು ಬೈದೇ ಕಾಪಾಡಿಕೊಂಡು ಬಂದಿದ್ದರು. ಬೈಗುಳದಲ್ಲಿ ಮುಂದಾಳುಗಳು ಇಬ್ಬರು: ಇಲ್ಲೇ ಹುಟ್ಟಿ ಬೆಳೆದ ಪಿಳ್ಳಮ್ಮ, ಲಿಂಗಸುಗೂರಿನ ಕಡೆಯಿಂದ ಬಂದ ಸಿದ್ದಕ್ಕ.

ಸಿದ್ದಕ್ಕನ ಗಂಡ ನೀಲಪ್ಪ ಪೀಣ್ಯದಲ್ಲಿ ಲಾರಿಗೆ ಲೋಡ್ ತುಂಬುತ್ತಿದ್ದವನು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತ, ಏಳಲಿಲ್ಲ.

(ನೋಡಿ, ಸಾವು ಬಂದೇಬಿಟ್ಟಿತು. ಪುಟ ಮಗುಚಬೇಡಿ. ಇನ್ನು ಯಾರೂ ಸಾಯುವುದಿಲ್ಲ, ಮಾತು ಕೊಡುತ್ತೇನೆ.)

ಅಂದಿನಿಂದ ಸಿದ್ದಕ್ಕನ ಬಾಯಿ ಕಟ್ಟಿತು. ಯಾರು ಏನು ಕೇಳಿದರೂ ಹೂಂ, ಉಹೂಂ. ಊಟವೆಂದರೆ ಎರಡು ತುತ್ತು. ಆ ಬಾಯಿಯನ್ನು ಬಿಡಿಸುವುದು ಹೇಗೆ ಎಂಬುದೇ ಈ ಕತೆ.

೨

ಮೊದಲ ಡ್ರಾಫ್ಟಿನಲ್ಲಿ ಅವಳಿಗೊಂದು ತುಳಸಿ ಗಿಡ ಕೊಟ್ಟೆ, ಚಿಗುರು ನೋಡಿ ಮನಸ್ಸೂ ಚಿಗುರಲಿ ಎಂದು. ಇಂಥ ವಾಕ್ಯದ ಪಕ್ಕದಲ್ಲಿ, ನಾನು ಬರೆಯಲು ಕಲಿತ ರಾತ್ರಿ ಶಾಲೆಯ ಮೇಷ್ಟ್ರು "ಗುಡ್" ಎಂದು ಬರೆಯುತ್ತಿದ್ದರು. ಸಿದ್ದಕ್ಕ ಬರೆಯಲಿಲ್ಲ. ವಠಾರದವರ ಮುಂದೆ ಮೂಕಿಯಾದವಳು ನನ್ನ ಮುಂದೆ ಮಾತ್ರ ಗಟ್ಟಿಗಿತ್ತಿ.

"ಇದಕ ನೀರ ಯಾರ ಹಾಕಬೇಕ ಯಮ್ಮಾ? ಇಲ್ಲೆ ಕುಡಿಯಾಕ ನೀರಿಲ್ಲ."

ಎರಡನೆಯದರಲ್ಲಿ ಅವಳ ಕಿಟಕಿಗೆ ಗುಬ್ಬಚ್ಚಿ ಕಳಿಸಿದೆ.

"ನನ್ನ ರೂಮಿಗೆ ಕಿಟಕಿನ ಇಲ್ಲ."

ಮೂರನೆಯದರಲ್ಲಿ ಬಿಸಿ ಬಿಸಿ ಕಾಫಿ.

"ನಾ ಚಾ ಕುಡಿಯಾಕಿ. ನನ್ನ ಕತಿ ಬರಿಯಾಕತ್ತೀರಿ, ಇಷ್ಟೂ ಗೊತ್ತಿಲ್ಲ?"

"ಹಾಗಾದರೆ ನಿನಗೇನು ಬೇಕು ತಾಯಿ?"

ಅವಳು ನಲ್ಲಿಯ ಕಡೆ ನೋಡಿದಳು. "ಎಲ್ಲಾರೂ ನನ್ನ ಮುಂದ ಬಿಡ್ತಾರ. ಪಾಪ, ನೀನ್ ಹಿಡ್ಕೋಮ್ಮ ಅಂತಾರ. ಆ ಪಿಳ್ಳವ್ವ ಸೈತ! ಅಕಿ ನನ್ನ ಬೈದು ಮೂರು ತಿಂಗಳಾತು. ಸತ್ತಾಂವ ನನ್ನ ಗಂಡನೋ ನಾನೋ ಅಂತ ನನಗ ಡೌಟ್ ಬರಾಕತ್ತೈತಿ."

೩

ಪಿಳ್ಳಮ್ಮನ ಬಳಿಗೆ ಹೋದೆ. (ಕತೆ ಬರೆಯುವವಳು ಪಾತ್ರದ ಬಾಗಿಲಿಗೆ ಹೋಗಿ ಜಗಳ ಬೇಡುವುದು ಮರ್ಯಾದೆಯಲ್ಲ. ಮರ್ಯಾದೆ ನೋಡಿಕೊಂಡಿದ್ದರೆ ಈ ವಯಸ್ಸಿನಲ್ಲಿ ಕತೆಯನ್ನೇ ಬರೆಯುತ್ತಿರಲಿಲ್ಲ.)

"ಒಂದೇ ಒಂದು ಜಗಳ ಆಡಮ್ಮ."

"ನಿಮಗೇನ್ ಬಂತು ಅಜ್ಜಿ? ಗಂಡ ಸತ್ತೋಳ ಮೇಲೆ ಬಾಯಿ ಮಾಡುದ್ರೆ ದ್ಯಾವ್ರು ಮೆಚ್ತಾನಾ?"

"ಅವಳಿಗೆ ಅದೇ ಔಷಧಿ."

"ಅಂಗಂತ ಯಾವ ಡಾಕ್ಟ್ರು ಬರ್ಕೊಟ್ಟವ್ರೆ, ತೋರ್ಸಿ."

ವಾಪಸು ಬಂದು ಪೆನ್ನು ಕೆಳಗಿಟ್ಟು ಕುಳಿತೆ. ನಾನು ಸುಮ್ಮನಾದ ಮೇಲೆ ಕತೆ ತಾನೇ ಎದ್ದು ನಡೆಯಿತು.

೪

ಮುಂದಿನ ನೀರಿನ ದಿನ ಸಿದ್ದಕ್ಕ ಮನೆಯಲ್ಲಿದ್ದ ಕೊಡಗಳನ್ನೆಲ್ಲ ಹೊತ್ತು ತಂದಳು. ಹೆಂಗಸರು ಎಂದಿನಂತೆ ದಾರಿ ಬಿಟ್ಟರು. ಎರಡು ಕೊಡ ತುಂಬಿದವು. ಮೂರನೆಯದನ್ನು ಹಿಡಿದಳು. ಯಾರೂ ಉಸಿರೆತ್ತಲಿಲ್ಲ. ನಾಲ್ಕನೆಯದು ಹಿಡಿದಾಗ ಪಿಳ್ಳಮ್ಮ ಆಕಾಶ ನೋಡಿದಳು. ಐದನೆಯದಕ್ಕೆ ಸೆರಗಿನ ತುದಿ ಕಚ್ಚಿಕೊಂಡಳು. ಆರನೆಯ ಕೊಡ ನಲ್ಲಿಯ ಕೆಳಗೆ ಕುಳಿತಾಗ ಸೆರಗು ಬಾಯಿಂದ ಜಾರಿತು.

"ಏನಮ್ಮೀ, ನಿಮ್ಮಪ್ಪ ಆಕ್ಸಿದ್ದಾ ಈ ನಲ್ಲೀನ? ಒಬ್ಳಿಗೆ ಎಷ್ಟು ಬಿಂದಿಗೆ? ರೂಮಲ್ಲಿ ಆನೆ ಗೀನೆ ಸಾಕಿದ್ದೀಯಾ?"

ಸಿದ್ದಕ್ಕನ ಮುಖವನ್ನು ನೀವು ನೋಡಬೇಕಿತ್ತು. ತವರಿನಿಂದ ಯಾರೋ ಹೇಳದೆ ಕೇಳದೆ ಬಂದಂತಿತ್ತು.

"ಆನಿ ಯಾಕ ಸಾಕ್ಲಿ? ದಿನಾ ನಿನ್ನ ನೋಡ್ತೀನಲ್ಲ!"

"ಓಹೋ, ಬಾಯಿ ಬಂತಾ ನಿಂಗೆ! ನಿನ್ ಗಂಡ ಇದ್ದಿದ್ರೆ..."

ಪಿಳ್ಳಮ್ಮ ನಾಲಿಗೆ ಕಚ್ಚಿಕೊಂಡಳು. ಆ ಮಾತನ್ನು ನಾನು ಬರೆದುಕೊಟ್ಟಿರಲಿಲ್ಲ. ಕೊಡ ತುಂಬಿ ಚೆಲ್ಲುತ್ತಿತ್ತು.

"ಅಂವ ಇದ್ದಿದ್ರ," ಎಂದಳು ಸಿದ್ದಕ್ಕ, "ನಿನ್ನ ಪಾಲಿಂದೂ ತುಂಬ್ಕೊಂಡ ಹೊಕ್ಕಿದ್ನಿ. ಹೊರಾಕ ಅಂವ ಇದ್ದ."

ಹೇಳಿ ನಕ್ಕಳು. ನಗುತ್ತ ನಗುತ್ತಲೇ ಅತ್ತಳು. ಮೂರು ತಿಂಗಳಲ್ಲಿ ವಠಾರದವರ ಮುಂದೆ ಅವನ ಸುದ್ದಿ ಎತ್ತಿದ್ದು ಅದೇ ಮೊದಲು. ಮೂಗು ಒರೆಸಿಕೊಂಡು ಪಿಳ್ಳಮ್ಮನನ್ನು ಗದರಿದಳು: "ಏನ್ ನೋಡ್ತೀ? ಬೈ!"

೫

ಮುಕ್ತಾಯ ಒಂದು: ಇಬ್ಬರೂ ತಬ್ಬಿಕೊಂಡರು. (ನೀರು ಬರುತ್ತಿರುವಾಗ ತಬ್ಬಿಕೊಳ್ಳುವಷ್ಟು ಪುರುಸೊತ್ತು ಯಾರಿಗಿದೆ? ಹೊಡೆದುಹಾಕಿದೆ.)

ಮುಕ್ತಾಯ ಎರಡು: ಹೀಗೆ ಸಿದ್ದಕ್ಕನ ದುಃಖ ಗುಣವಾಯಿತು.

"ಅಳಸ್ರಿ ಅದನ್ನ," ಎಂದಳು ಸಿದ್ದಕ್ಕ. "ಗುಣ ಗಿಣ ಏನೂ ಆಗಿಲ್ಲ. ಹಸಿವಿ ಆಗಾಕತ್ತೈತಿ. ಅಷ್ಟ ಬರೀರಿ."

ಅಷ್ಟೇ ಬರೆದೆ. ತಲೆ ಎತ್ತಿ ನೋಡಿದರೆ ಪಿಳ್ಳಮ್ಮ ಸಿದ್ದಕ್ಕನ ಕೊಡವೊಂದನ್ನು ತನ್ನ ಸೊಂಟಕ್ಕೇರಿಸಿಕೊಂಡು ಅವಳ ರೂಮಿನತ್ತ ಹೊರಟಿದ್ದಳು, ದಾರಿಯುದ್ದಕ್ಕೂ ಬೈಯುತ್ತ. ಹಿಂದೆ ಇನ್ನೊಂದು ಕೊಡ ಹೊತ್ತ ಸಿದ್ದಕ್ಕ, ಮಾತಿಗೆ ಮಾತು ಕೊಡುತ್ತ.

"ಚೆಲ್ಲಬ್ಯಾಡ!"

"ಚೆಲ್ತೀನಿ ಕಣೇ, ಏನಿವಾಗ?"

ಇಲ್ಲಿ ನಾನೊಂದು ಚುಕ್ಕಿ ಇಡಬೇಕು. ಆದರೆ ಇವರಿಬ್ಬರ ನಡುವೆ ಚುಕ್ಕಿ ಹಿಡಿದು ನಿಂತರೆ ಬೈಗುಳವೆಲ್ಲ ನನ್ನ ಮೇಲೆ ಬೀಳುತ್ತದೆ, ಆಗಲೇ ಪಿಳ್ಳಮ್ಮ ಈ ಕಡೆ ತಿರುಗಿ ನೋಡುತ್ತಿದ್ದಾಳೆ, ಅದಕ್ಕೇ ನಾನು