ನಾಲ್ಕು ತಾಲ್ಲೂಕಿನ ಗೋಡೆಗಳಲ್ಲಿ ಒಂದು ಸಂಖ್ಯೆ

ನಾಲಗೆಯಲ್ಲಿ ನೆಲೆಸಿ ನುಡಿಯನ್ನು ನಡೆಸುವ ತಾಯಿ ಶಾರದೆಗೆ ವಂದನೆ. ಮಾತನ್ನೇ ವೃತ್ತಿಯಾಗಿಸಿಕೊಂಡು ಬಳಲಿದವರ ಕಂಠದಲ್ಲಿ ಅವಳು ಕ್ಷಣಕಾಲ ವಿಶ್ರಮಿಸಲಿ.

ಹೊನ್ನಾಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಜ್ಯೋತಿಲಕ್ಷ್ಮಿ ಸಾರ್ವಜನಿಕ ಸಂಪರ್ಕಾಧಿಕಾರಿ. ಆಸ್ಪತ್ರೆ ಆರಂಭವಾದಾಗ ಕಚೇರಿಗೆ ಫೋನಿನ ಸಂಪರ್ಕ ಸಿಕ್ಕಿರಲಿಲ್ಲ. ಜಾಹೀರಾತಿಗೆಂದು ಆಕೆ ಉತ್ಸಾಹದಿಂದ ತನ್ನ ಮೊಬೈಲ್ ಸಂಖ್ಯೆಯನ್ನೇ ಕೊಟ್ಟಿದ್ದಳು. ಬಣ್ಣದವರು ಅದನ್ನು ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳಿಂದ ಜಗಳೂರಿನವರೆಗೂ ಗೋಡೆಗೋಡೆಗೆ ಬರೆದರು. ಅಂದಿನಿಂದ ಹಾಸಿಗೆ ಸಿಗದವರು, ಬಿಲ್ಲು ನೋಡಿ ಸಿಟ್ಟಾದವರು, ವೈದ್ಯರು ಗದರಿದರೆಂದು ಅತ್ತವರು ಎಲ್ಲರೂ ಆಕೆಯನ್ನೇ ಕರೆದರು. ಊಟದ ನಡುವೆ, ಪೂಜೆಯ ನಡುವೆ, ನಿದ್ರೆಯ ನಡುವೆ ಒಂದೇ ಉತ್ತರ: “ಕ್ಷಮಿಸಿ, ಪರಿಶೀಲಿಸುತ್ತೇವೆ.” ಒಮ್ಮೆ ತಾಯಿ ಉಪ್ಪು ಕೇಳಿದಾಗಲೂ ಬಾಯಿಂದ ಅದೇ ಹೊರಟಿತ್ತು.

ಕಚೇರಿಗೆ ಫೋನು ಬಂದ ಮೇಲೆ, ಗೋಡೆಗಳ ಮೇಲಿನ ಸಂಖ್ಯೆ ಬದಲಿಸಿರೆಂದು ಆಕೆ ಬೇಡಿದಾಗಲೆಲ್ಲ ನಿರ್ದೇಶಕರಾದ ಡಾಕ್ಟರ್ ಸಿದ್ದೇಶ್ ನಗುತ್ತಿದ್ದರು.

“ಜನಕ್ಕೆ ನಿಮ್ಮ ದನಿ ರೂಢಿ ಆಗೈತೆ ಮೇಡಂ. ಈ ಸಲದ ‘ಸಂತುಷ್ಟ ಉದ್ಯೋಗಿ’ ಪ್ರಶಸ್ತಿ ನಿಮಗೇ. ಸ್ಟೇಜ್ ಮೇಲೆ ಚೆನ್ನಾಗಿ ನಗ್ರಿ.”

ಇನ್ನು ಸಾಕು, ಕೆಲಸ ಬಿಡುವುದೇ ಲೇಸೆಂದು ಆಕೆಗೆ ಅನ್ನಿಸಿತು. ಆದರೆ ಆ ಒಂದು ಮಾತು ಮಾತ್ರ ನಾಲಗೆಗೆ ಬರಲಿಲ್ಲ.

ಮರುದಿನ ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ದುರುಗಕ್ಕ ಎಂಬಾಕೆ ಕರೆ ಮಾಡಿದಳು.

“ಯಾರನ್ನ ಕೇಳಿ ನಮ್ಮನೆ ಗೋಡೆಗೆ ಬರ್ಸಿದ್ರಿ? ಮಗಳನ್ನ ನೋಡಾಕೆ ಗಂಡಿನ ಕಡೇರು ಬರ್ತಾರೆ. ಬಾಗ್ಲ ಪಕ್ಕದಾಗೆ ‘ಮೂಲವ್ಯಾಧಿಗೆ ಶಾಶ್ವತ ಪರಿಹಾರ’ ಅಂತ ಐತೆ! ಅಳಿಸ್ತೀರೋ ಇಲ್ಲೋ?”

“ಪರಿಶೀ…” ಎಂದವಳು ತಡೆದುಕೊಂಡಳು. “ಅಳಿಸ್ತೀನಿ ಅಕ್ಕ. ನಾನೇ ಬರ್ತೀನಿ.”

ಬಣ್ಣದವರು ಸಿಗಲಿಲ್ಲ. ಬಸ್ಸುಗಳನ್ನು ಬದಲಿಸಿ ಸೊಕ್ಕೆ ಸೇರಿದಾಗ ದುರುಗಕ್ಕ ಬಕೆಟ್ಟಿನಲ್ಲಿ ಸುಣ್ಣ ಕಲಸಿಟ್ಟಿದ್ದಳು.

“ಆಫೀಸರ್ ಅಂದ್ರೆ ಕಾರಾಗ್ ಬರ್ತಾರೆ ಅಂದ್ಕಂಡಿದ್ದೆ. ತಗೋ ತಂಗಿ, ಬ್ರಷ್ಷು. ನಂಬರ್ ಒಂದೇ ಅಲ್ಲ, ಇಡೀ ಗೋಡೆ ಬಳೀಬೇಕು.”

ಜ್ಯೋತಿಲಕ್ಷ್ಮಿ ಸೆರಗು ಸಿಕ್ಕಿಸಿ ಬಳಿಯತೊಡಗಿದಳು. ತನ್ನ ಸಂಖ್ಯೆಯ ಅಂಕಿಗಳು ಒಂದೊಂದಾಗಿ ಬಿಳುಪಿನಡಿ ಸರಿದಂತೆ ಹೆಗಲ ಬಿಗಿತ ಸಡಿಲಿತು. ಆಗ ಫೋನು ಮೊಳಗಿತು, ಸಿದ್ದೇಶರದು. ಎರಡೂ ಕೈ ಸುಣ್ಣ.

“ಬಡ್ಕಳ್ಳಿ ಬಿಡು,” ಎಂದಳು ದುರುಗಕ್ಕ. “ಸುಣ್ಣದ ಕೈನಾಗೆ ಯಾರ್ ಫೋನ್ ಎತ್ತಾರೆ?”

ಫೋನು ಬಡಿದುಕೊಂಡು ಸುಮ್ಮನಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಜ್ಯೋತಿಲಕ್ಷ್ಮಿ ಬಹುಕಾಲದ ಬಳಿಕ ಯಾರಿಗಾಗಿಯೂ ಅಲ್ಲದೆ ನಕ್ಕಳು.

ಗೋಡೆ ಮುಗಿದ ಮೇಲೆ ಕೈತೊಳೆದು ಆಕೆಯೇ ಕರೆ ಮಾಡಿದಳು.

“ಸರ್, ಇಲ್ಲಿ ಅಳಿಸಾಯ್ತು. ಉಳಿದ ಗೋಡೆಗಳಿಗೆ ಆಫೀಸಿನ ನಂಬರ್ ಹಾಕ್ಸಿ. ಕರೆಗಳನ್ನ ಎಲ್ಲರೂ ಸರದಿಯಂತೆ ತಗೊಳ್ಳೋಣ, ನನ್ನ ಸರದೀನೂ ಇರಲಿ. ಇಲ್ಲಾಂದ್ರೆ ನಾಳೆ ರಾಜೀನಾಮೆ ಕೊಡ್ತೀನಿ.”

“ಆತು ಮೇಡಂ. ಈ ವಾರ ಹೊನ್ನಾಳಿ, ನ್ಯಾಮತಿ. ಚನ್ನಗಿರಿ, ಜಗಳೂರು ಆಮೇಲೆ ನೋಡೋಣ.”

“ಆಮೇಲೆ ಅಲ್ಲ ಸರ್, ಮುಂದಿನ ವಾರ.”

“…ಆತು.”

ದಣಿವು ಪೂರ್ತಿ ಹೋಗಲಿಲ್ಲ. ಬಳಿಯಬೇಕಾದ ಗೋಡೆಗಳು ಇನ್ನೂ ಬಹಳ. ಆದರೆ ಹಿಂದಿರುಗುವ ಬಸ್ಸಿನಲ್ಲಿ ಆಕೆ ಫೋನನ್ನು ಆರಿಸಿ, ಕಿಟಕಿಗೆ ತಲೆಯಾನಿಸಿ, ಊರು ಬರುವವರೆಗೂ ನಿದ್ರಿಸಿದಳು.

ಇದನ್ನು ಓದಿದವರಿಗೂ ಕೇಳಿದವರಿಗೂ ದುಡಿಮೆಯಲ್ಲಿ ಗೌರವ, ನುಡಿಯಲ್ಲಿ ಸತ್ಯ, ದಿನದ ಕೊನೆಯಲ್ಲಿ ನಿಶ್ಚಿಂತ ನಿದ್ರೆ ಲಭಿಸಲಿ. ಸರ್ವರಿಗೂ ಮಂಗಳವಾಗಲಿ.