ಕುರ್ಚಿಯ ಹೆಸರೇ ಇಲ್ಲದ ಮೆಸೇಜು

ಆ ಕ್ಷೌರಿಕ ಮಾತಿಗೆ ನಿಂತರೆ ಗಿರಾಕಿಗಳು ಗಡಿಯಾರ ಮರೆಯುತ್ತಿದ್ದರು. ಬರೆಯಲು ಕೂತರೆ ಮಾತ್ರ ಅವನಿಗೆ ಕೈಯೇ ಓಡುತ್ತಿರಲಿಲ್ಲ.

ಅಂಗಡಿಯ ಎರಡು ಕುರ್ಚಿಗಳಲ್ಲಿ ಕಿಟಕಿ ಪಕ್ಕದ್ದು ಒಂದು ವಾರದಿಂದ ಮುನಿಸಿಕೊಂಡಿತ್ತು. ಪೆಡಲ್ ಒತ್ತಿ ಮೇಲೇರಿಸಿದ ಆಸಾಮಿ ಅರ್ಧ ಗಡ್ಡ ಮುಗಿಯುವಷ್ಟರಲ್ಲಿ ಮೆಲ್ಲಗೆ ಇಳಿದು, ಕನ್ನಡಿಯಲ್ಲಿ ಬರೀ ಹಣೆ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ಕುರ್ಚಿ ಹೀಗೇ ಇಳಿಯುತ್ತ ಇಳಿಯುತ್ತ ಅಂಚೆಯವನ ಮೀಸೆ ಒಂದು ಕಡೆ ಗಿಡ್ಡವಾಯಿತು. ಪಾಪ, ಆತ ಇನ್ನೊಂದು ಕಡೆಯನ್ನೂ ತೆಗೆಸಿಕೊಂಡು ಹೋದ.

ಕ್ಷೌರಿಕ ಕತ್ತರಿ ಕೆಳಗಿಟ್ಟು ಫೋನ್ ಎತ್ತಿಕೊಂಡ. ಕೂಡಲೇ ಸಾವಿರಾರು ಕ್ಷೌರಿಕರೂ ರಿಪೇರಿಯವರೂ ಇದ್ದ ಆನ್‌ಲೈನ್ ಗುಂಪಿನಲ್ಲಿ ಬರೆದ: ‘ಎಲ್ಲಾ ಕುಸೀತಾ ಇದೆ. ಎಷ್ಟು ಎತ್ತಿದ್ರೂ ನಿಲ್ತಿಲ್ಲ. ಯಾರಾದ್ರೂ ದಾರಿ ತೋರಿಸಿ.’

ಮಧ್ಯಾಹ್ನದೊಳಗೆ ನಲವತ್ತು ಉತ್ತರ ಬಂದವು. ಧೈರ್ಯಗೆಡಬೇಡಿ ಎಂದರು, ಒಳ್ಳೆ ದಿನ ಬರುತ್ತೆ ಎಂದರು. ಒಬ್ಬ ಪುಣ್ಯಾತ್ಮ ಉಸಿರಾಟದ ವ್ಯಾಯಾಮದ ವಿಡಿಯೊ ಕಳಿಸಿದ. ಇನ್ನೊಬ್ಬ, ಹೆಂಡತಿ ಬಿಟ್ಟು ಹೋದಳಾ ಎಂದೇ ಕೇಳಿಬಿಟ್ಟ. ಆ ಹೆಂಡತಿ ಪಕ್ಕದ ಕುರ್ಚಿಯಲ್ಲಿದ್ದವರ ತಲೆಗೆ ಬಣ್ಣ ಹಚ್ಚುತ್ತಿದ್ದಳು.

“ಇನ್ನೂ ಹೋಗಿಲ್ಲ ಅಂತ ಬರೀರಿ” ಎಂದಳು.

ಸಂಜೆ ಅಕ್ಕ ಬಂದಳು. ಆಸ್ಪತ್ರೆಯಲ್ಲಿ ನರ್ಸ್. ಪಾಳಿ ಮುಗಿಸುವಾಗ ರೋಗಿಯ ಸ್ಥಿತಿಯನ್ನು ಮುಂದಿನವರಿಗೆ ನಾಲ್ಕು ಸಾಲಲ್ಲಿ ಬರೆದಿಡುವುದು ಅವಳ ದಿನನಿತ್ಯದ ಕೆಲಸ. ತಮ್ಮನ ಮೆಸೇಜು ಓದಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

“ಇದರಲ್ಲಿ ಕುರ್ಚಿ ಎಲ್ಲಿದೆಯೋ?”

ಅವನು ಮತ್ತೊಮ್ಮೆ ಓದಿದ. ಇರಲಿಲ್ಲ.

ಯಾವಾಗಿನಿಂದ, ಎಷ್ಟು ಹೊತ್ತಿಗೆ ಎಷ್ಟು, ಖಾಲಿ ಇದ್ದಾಗಲೂ ಇಳಿಯುತ್ತದಾ ಎಂದು ಅಕ್ಕ ಕೇಳಿದಳು. “ನೋಡೇಬಿಡೋಣ” ಎಂದ ಅವನು. ಖಾಲಿ ಕುರ್ಚಿಯನ್ನು ಎತ್ತಿ ಕಾದರು. ಜಪ್ಪಯ್ಯ ಅಂದರೂ ಅದು ಇಳಿಯಲಿಲ್ಲ. ಆಮೇಲೆ ಅಕ್ಕನೇ ಏರಿ ಕೂತಳು. ಅವನು ಅಳತೆಪಟ್ಟಿ ಹಿಡಿದು ನೆಲದ ಮೇಲೆ ಬಗ್ಗಿದ. ಐದು ನಿಮಿಷಕ್ಕೆ ಮೂರು ಇಂಚು. ಅಕ್ಕನ ತೂಕದ ಬಗ್ಗೆ ಒಂದು ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡ.

ಈ ಸಲ ಹೀಗೆ ಬರೆದ: ‘ಕ್ಷೌರದ ಕುರ್ಚಿ ಒಂದು ವಾರದಿಂದ ತಾನಾಗಿ ಇಳಿಯುತ್ತಿದೆ. ಪೆಡಲ್ ಒತ್ತಿ ಎತ್ತುವ ಕುರ್ಚಿ, ಒಂಬತ್ತು ವರ್ಷ ಹಳೆಯದು. ಜನ ಕೂತರೆ ಐದು ನಿಮಿಷಕ್ಕೆ ಮೂರು ಇಂಚು ಇಳಿಯುತ್ತದೆ, ಖಾಲಿ ಇದ್ದರೆ ಇಲ್ಲ. ಬುಡದಲ್ಲಿ ಎಣ್ಣೆಯ ಕಲೆ ಇದೆ. ನಾನೇ ರಿಪೇರಿ ಮಾಡಬಹುದೇ? ಫೋಟೊ ಹಾಕಿದ್ದೇನೆ.’

ಹತ್ತೇ ನಿಮಿಷದಲ್ಲಿ, ದಂತವೈದ್ಯರ ಕುರ್ಚಿ ರಿಪೇರಿ ಮಾಡುವ ಹೆಂಗಸೊಬ್ಬಳು ಉತ್ತರಿಸಿದಳು. ಒಳಗಿನ ರಬ್ಬರ್ ಬಳೆ ಸವೆದು, ಕುರ್ಚಿಯನ್ನು ಎತ್ತಿಹಿಡಿಯುವ ಎಣ್ಣೆ ಸೋರುತ್ತಿದೆ, ಬಳೆ ಬದಲಾಯಿಸಿ ಎಣ್ಣೆ ತುಂಬಿ ಎಂದು ಫೋಟೊದ ಮೇಲೇ ಗೆರೆ ಎಳೆದು ತೋರಿಸಿದ್ದಳು. ಮರುದಿನ ಗಂಡ ಹೆಂಡತಿ ಇಬ್ಬರೂ ಮೊಣಕೈತನಕ ಎಣ್ಣೆ ಮಾಡಿಕೊಂಡು ಅದನ್ನು ಮುಗಿಸಿದರು. ಕುರ್ಚಿ ಇಡೀ ದಿನ ಕದಲಲಿಲ್ಲ. ಏನು ಮಾಡಿದೆವು, ಹೇಗಾಯಿತು ಎಂದು ಗುಂಪಿನಲ್ಲಿ ಬರೆದು ಕ್ಷೌರಿಕ ಆ ಹೆಂಗಸಿಗೆ ಕೃತಜ್ಞತೆ ಹೇಳಿದ.

ಅದರ ಕೆಳಗೇ ಯಾರೋ ಹೊಸಬ ಬರೆದ: ‘ನಂದೂ ಕೈಕೊಟ್ಟಿದೆ, ಅರ್ಜೆಂಟ್!’

ಕ್ಷೌರಿಕ ಕೈ ಒರೆಸಿಕೊಂಡು, ಸಾವಕಾಶವಾಗಿ ಕೇಳಿದ: ‘ಕೈಕೊಟ್ಟಿದ್ದು ಏನು ಸ್ವಾಮಿ? ಯಾವಾಗಿಂದ?’