ನಡುನೀರಿನ ಮೀನು

“ಇನ್ನೊಂಚೂರು ಎತ್ತಿ, ಅತ್ತಿಗೆ,” ಎನ್ನುತ್ತ ವಿಶ್ವಾರಾಧ್ಯ ತೀರಿಹೋದ ಅಣ್ಣನ ಗದ್ದಕ್ಕೆ ಬಟ್ಟೆ ಕಟ್ಟುತ್ತಿದ್ದ. ಗೋಡೆಗೆ ಒರಗಿಸಿ ಕೂರಿಸಿದ್ದ ಶಿವಬಸಪ್ಪನವರ ತಲೆಯನ್ನು ಜಗದಾಂಬಾ ಎರಡೂ ಕೈಯಲ್ಲಿ ಹಿಡಿದಿದ್ದಳು. ಮೂಡಲಪಾಳ್ಯದ ಆ ಪುಟ್ಟ ಹಾಲ್‌ನಲ್ಲಿ ಜನ ಬರುವುದು, ಹೋಗುವುದು ಎಲ್ಲವೂ ಅವಳಿಗೆ ನೀರೊಳಗಿಂದ ಕಂಡಂತೆ ಕಾಣುತ್ತಿತ್ತು.

ಆಗ ರಾಗಿಣಿ ಬಂದಳು. ಶಿವಬಸಪ್ಪನವರ ಕಾಲೇಜಿನ ಶಿಷ್ಯೆ, ಈಗ ಸಮುದ್ರಜೀವಿಗಳ ವಿಜ್ಞಾನಿ. ಒಂದು ಮೀನು ಕಡಲ ತಳದ್ದೇ ಎಂದು ಮೇಷ್ಟ್ರ ಜೊತೆ ಹಟ ಹಿಡಿದು ವಾದಿಸುತ್ತಿದ್ದವಳು. ಹಾರ ಹಾಕಿ ಜಗದಾಂಬಾಳ ಪಕ್ಕದಲ್ಲೇ ಕುಸಿದು ಕೂತಳು.

“ಅಮ್ಮಾ, ಸಾರ್ ಹೇಳಿದ್ದೇ ಸರಿ. ಅದು ತಳದ ಮೀನಲ್ಲ. ನಡುನೀರಲ್ಲೇ ಬಾಯಿ ತೆರೆದು ಅಲ್ಲೇ ಮುಚ್ಚೋ ಬಲೆ ಹಾಕಿದ್ರು, ಅಂಥದ್ದೇ ಒಂದು ಸಿಕ್ಕಿದೆ. ನಿನ್ನೆ ಸಾಯಂಕಾಲ ಫೋಟೋ ಬಂತು. ಬೆಳಿಗ್ಗೆ ನಾನೇ ಬಂದು ಹೇಳೋಣ ಅಂತಿದ್ದೆ…”

“ಅಣ್ಣನ್ನ ಹಿಂಗೆ ಕೂರಿಸ್ಕೊಂಡು ಮೀನಿನ ಮಾತಾ?” ವಿಶ್ವಾರಾಧ್ಯ ಗದರಿದ. “ಲಿಂಗ ಕಟ್ಕೊಂಡಿರೋರ ಮನೆ ಇದು. ಐನೋರು ಕೇಳಿಸ್ಕೊಂಡ್ರೆ ಏನಂದ್ಕೋತಾರೆ?”

ಮಣ್ಣು ಮುಚ್ಚುವುದರೊಳಗೆ ಈ ಸುದ್ದಿ ಗಂಡನಿಗೆ ಹೇಳಲೇಬೇಕೆಂದು ಜಗದಾಂಬಾ ಗಟ್ಟಿ ಮಾಡಿಕೊಂಡಳು.

*

ಜನ್ಮದಲ್ಲಿ ಮೀನು ಬಾಯಿಗಿಡದ ಶಿವಬಸಪ್ಪನವರು ಮೀನಿನ ಹಿಂದೆ ಬಿದ್ದದ್ದು ಬಳಗಕ್ಕೆಲ್ಲ ತಮಾಷೆ. ಬೀಗರೆದುರು ಮಾತ್ರ “ಲೆಕ್ಚರರ್” ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಕೇಳುವವಳು ಜಗದಾಂಬಾ ಒಬ್ಬಳೇ. ಸಂಜೆ ತಾರಸಿಯ ಮೇಲೆ ಅವಳು ಸಂಡಿಗೆ ಎತ್ತಿಡುವಾಗ ಅವರು ಶುರು ಹಚ್ಚಿಕೊಳ್ಳುತ್ತಿದ್ದರು.

“ಬಲೆ ತಳ ಮುಟ್ಟಿ ಮೇಲೆ ಬರೋವಾಗ ದಾರೀಲಿ ಸಿಕ್ಕಿದ್ದನ್ನೆಲ್ಲ ಬಾಚ್ಕೊಂಡು ಬರುತ್ತೆ ಕಣೇ. ಅದರಲ್ಲಿ ಸಿಕ್ಕಿದ ಮಾತ್ರಕ್ಕೆ ತಳದ್ದೇ ಅಂದ್ರೆ ಹೇಗೆ? ಜಜ್ಜಿಹೋಗಿದ್ರೂ ಕಣ್ಣಿನ ಗುಳಿ ಮೇಲಕ್ಕಿದೆ. ಹೊಟ್ಟೆ ಅಡಿ ಮಿಣುಕೋ ದೀಪದ ಗುರುತಿದೆ. ನೆಲಕ್ಕೆ ಮಲಗೋ ಮೀನಿಗೆ ಹೊಟ್ಟೆ ಕೆಳಗೆ ದೀಪ ಯಾಕೆ?”

“ಮತ್ತೆಲ್ಲಿರುತ್ತೆ?”

“ನಡುವೆ. ಕೆಳಗೆ ನೆಲ ಕಾಣಲ್ಲ, ಮೇಲೆ ಅಲೆ ಕಾಣಲ್ಲ. ನೀಲಿ ಮುಗಿದು ಕತ್ತಲು ಶುರುವಾಗೋ ಕಡೆ ಸುಮ್ನೆ ತೇಲ್ತಿರುತ್ತೆ.”

ಅವಳು ಸಂಡಿಗೆ ಮರೆತು ಆಕಾಶ ನೋಡುತ್ತ ನಿಂತುಬಿಡುತ್ತಿದ್ದಳು.

“ರಾಗಿಣಿ ಒಪ್ಪಿದ್ಲಾ?”

“ಒಪ್ತಾಳೆ. ನಾನಿರೋದ್ರೊಳಗೆ ಒಪ್ಪಿದ್ರೆ ಸಾಕು.”

*

ರುದ್ರಭೂಮಿಯಲ್ಲಿ ಅವರನ್ನು ಗುಂಡಿಯೊಳಗೆ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟರು. ಐನೋರ ಮಂತ್ರ ಮುಗಿಯಿತು. ವಿಶ್ವಾರಾಧ್ಯ ವಿಭೂತಿಪುಡಿಯ ತಟ್ಟೆಯನ್ನೇ ಎತ್ತಿ ಸುರಿಯಲು ಬಾಗಿದ.

“ತಡಿ, ವಿಶ್ವ.”

ಜಗದಾಂಬಾ ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ರೀ, ನಿಮ್ಮ ಮೀನು ನಡುನೀರಿನದ್ದೇ ಅಂತೆ. ರಾಗಿಣಿ ಒಪ್ಪಿದ್ಲು.”

ಹಿಂದೆ ರಾಗಿಣಿ ಬಿಕ್ಕಿದಳು. ವಿಶ್ವಾರಾಧ್ಯ ಹೆದರಿ ಐನೋರ ಕಡೆ ನೋಡಿದ.

“ಹೇಳಮ್ಮ, ಹೇಳೋದೆಲ್ಲ ಹೇಳ್ಬಿಡು,” ಎಂದರು ಅವರು.

“ಒಟ್ಟಿಗೆ ಸುರೀಬೇಡ, ವಿಶ್ವ. ಆ ಮೀನಿರೋ ಕಡಲಾಳದಲ್ಲಿ ಮೇಲಿಂದ ಬಿಳೀ ಪುಡಿ ಉದುರ್ತಾನೇ ಇರುತ್ತಂತೆ, ಹಗಲೂ ರಾತ್ರಿ, ಮೆಲ್ಲಗೆ. ಅಲ್ಲಿರೋ ಜೀವಗಳಿಗೆ ಅದೇ ಊಟ ಅಂತಿದ್ರು ನಿಮ್ಮಣ್ಣ.”

ವಿಶ್ವಾರಾಧ್ಯ ತಟ್ಟೆ ಕೆಳಗಿಟ್ಟು, ಒಂದು ಹಿಡಿ ತೆಗೆದುಕೊಂಡು, ಗುಂಡಿಯ ಮೇಲೆ ಕೈ ಚಾಚಿ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ. ಪುಡಿ ಗಾಳಿಯಲ್ಲಿ ನಿಂತು ನಿಂತು ಇಳಿದು ಅಣ್ಣನ ರೆಪ್ಪೆಗಳ ಮೇಲೆ ಕೂತಿತು.